ಹೊಗೆ ಇಲ್ಲದ ಕೆಂಡ

ಮೊದಲು ಬಂದದ್ದು ತಲೆನೋವು. ಆ ವರ್ಷದ ಮಳೆಗಾಲ ಹಿಡಿದ ಎರಡನೆಯ ವಾರ. ಸೋಮವಾರ ಶುರುವಾಯಿತು, ಶನಿವಾರದವರೆಗೆ ಇತ್ತು, ಭಾನುವಾರ ಇರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಮಾಡುವ ಕ್ಯಾಲೆಂಡರಿನಲ್ಲಿ ತಲೆನೋವಿಗೂ ಒಂದು ಸೊನ್ನೆ ಹಾಕುತ್ತಿದ್ದೆ. ಭಾನುವಾರದ ಚೌಕಗಳೆಲ್ಲ ಖಾಲಿ. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ. ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕುಡಿದೆ.

ಬಸ್ರೂರಿನ ಹತ್ತಿರದ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ತೆಗೆಯುವುದು ನನ್ನ ಕೆಲಸ. ಕೋಣೆಯಲ್ಲಿ ಹತ್ತು ಹೆಂಗಸರು. ನನ್ನ ಪಕ್ಕದ ಮಣೆ ನಮ್ಮನೆಯವರ ತಂಗಿ ಗಿರಿಜೆಯದು. ಮಳೆಗಾಳಿ ತಾಗಿದರೆ ಬೀಜ ಮೆತ್ತಗಾಗುತ್ತದೆ, ಸಿಪ್ಪೆ ಅಂಟಿಕೊಂಡು ಬೀಜ ತುಂಡಾಗುತ್ತದೆ. ತುಂಡು ಹೆಚ್ಚಾದ ದಿನ ಮೇಸ್ತ್ರಿಯ ಮುಖ ನೋಡುವ ಹಾಗಿಲ್ಲ. ಒಳಗೆ ಒಂದು ಅಗ್ಗಿಷ್ಟಿಕೆ ಇಟ್ಟುಕೊಳ್ಳುವ ಎಂದವಳು ನಾನೇ. ನನ್ನ ಅಮ್ಮ ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುತ್ತಿದ್ದಳು. ಹೊಗೆ ಪೂರ್ತಿ ಹೋದ ಮೇಲೆ ಕೆಂಡ ಒಳಗೆ ತಂದರೆ ಭಯವಿಲ್ಲ ಎನ್ನುವುದು ಅವಳಿಂದ ಕಲಿತ ಪಾಠ. ನಾವೂ ಹಾಗೆಯೇ ಜಗಲಿಯಲ್ಲಿ ತೆಂಗಿನ ಗೆರಟೆ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೆ ಒಳಗೆ ತಂದು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಸ್ಟೂಲು ಹತ್ತಿ ಎರಡು ಗಾಳಿಕಿಂಡಿಗಳಿಗೆ ಗೋಣಿಚೀಲ ತುರುಕಿದವಳೂ ನಾನೇ.

ಬೀಜ ಗರಿಗರಿಯಾಗಿ ಸುಲಿದು ಬಂತು. ತಲೆನೋವು ನನಗೊಬ್ಬಳಿಗೇ ಅಲ್ಲ, ಮೂರು ನಾಲ್ಕು ಜನಕ್ಕೆ ಇತ್ತು. ಗಿರಿಜೆ ಅದನ್ನೂ ನನ್ನ ತಲೆಗೇ ಕಟ್ಟಿದಳು. "ನಿಮ್ ಮಾತ್ ಕೇಂಡೇ ನಮ್ಗೆಲ್ಲ ತಲಿ ನೋವ್ ಅತ್ತಿಗೆ, ಒಂದ್ ದಿನ ಬಾಯಿ ಮುಚ್ಕಂಡ್ ಕೂಕಣಿ ಕಾಂಬ."

ತಲೆನೋವು ಶುರುವಾದ ಮೂರನೆಯ ವಾರ, ಗುರುವಾರ ಬೆಳಿಗ್ಗೆ, ನೀರು ಕುಡಿಯಲು ಮಣೆಯಿಂದ ಎದ್ದೆ. ಮೊಣಕಾಲಿನ ಕೆಳಗೆ ಏನೂ ಇಲ್ಲದ ಹಾಗಾಯಿತು.

ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಕುಂದಾಪುರದ ಆಸ್ಪತ್ರೆ, ಮೂಗಿನ ಮೇಲೆ ಆಕ್ಸಿಜನ್ ಮಾಸ್ಕ್. ಗುರುವಾರ ನನಗೆ ಒಪ್ಪೊತ್ತು. ಖಾಲಿ ಹೊಟ್ಟೆಗೆ ಬಿದ್ದಳು ಎಂದು ಎಲ್ಲರೂ ಸೇರಿ ಆಟೋ ಹತ್ತಿಸಿ ಕೆಲಸಕ್ಕೆ ಮರಳಿದ್ದರಂತೆ. ನಮ್ಮನೆಯವರು ಟೈಲರ್ ಅಂಗಡಿಯಿಂದ ಬಂದು, ಕೊರಳಲ್ಲಿ ಟೇಪು ಹಾಗೆಯೇ ನೇತು ಹಾಕಿಕೊಂಡು ನಿಂತಿದ್ದರು. ಬೆರಳಿನ ಕ್ಲಿಪ್ಪು ಆಕ್ಸಿಜನ್ ತೊಂಬತ್ತೆಂಟು ಎಂದು ತೋರಿಸುತ್ತಿತ್ತು. ಡಾಕ್ಟರಮ್ಮ ಅದನ್ನು ನಂಬದೆ ರಕ್ತ ತೆಗೆಸಿದ್ದರು. ರಿಪೋರ್ಟು ಕೈಯಲ್ಲಿ ಹಿಡಿದು, ಕೆಲಸದ ಕೋಣೆಯಲ್ಲಿ ಏನಾದರೂ ಉರಿಸುತ್ತೀರಾ ಎಂದು ಕೇಳಿದರು.

"ಉರ್ಸುದಿಲ್ಲ ಡಾಕ್ಟ್ರೆ, ಬರೀ ಕೆಂಡ. ಹೊಗಿ ಒಂಚೂರೂ ಇಲ್ಲೆ."

ಹೊಗೆ ಇಲ್ಲದ್ದಕ್ಕೇ ಹೆದರಬೇಕು ಎಂದರು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಕ್ಲಿಪ್ಪಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಆಮೇಲೆ ಅವರು ದನಿ ತಗ್ಗಿಸಿದರು. "ಆ ಕೋಣೆಯಲ್ಲಿ ಈಗ ಯಾರಿದ್ದಾರೆ?"

ಒಂಬತ್ತು ಜನ.

ನಮ್ಮನೆಯವರು ಎದುರಿನ ಅಂಗಡಿಯ ಕಾಯಿನ್ ಬಾಕ್ಸಿಗೆ ಓಡಿದರು. ಫ್ಯಾಕ್ಟರಿಯ ಆಫೀಸಿನಲ್ಲಿ ಫೋನು ರಿಂಗಾಗುತ್ತಲೇ ಇತ್ತಂತೆ, ಎತ್ತುವವರಿಲ್ಲ. ಆಫೀಸಿನವರು ಊಟಕ್ಕೆ ಹೋಗುವ ಹೊತ್ತು. ಯಾರದೋ ಬೈಕ್ ಕೇಳಿಕೊಂಡು ಹೊರಟರು ಎಂದು ನರ್ಸ್ ಬಂದು ಹೇಳಿದರು. ನಾನು ಮಾಸ್ಕ್ ಕಿತ್ತು ಏಳಲು ನೋಡಿದೆ, ಅವರು ಒತ್ತಿ ಮಲಗಿಸಿದರು. ಎದುರಿನ ಗೋಡೆಯಲ್ಲಿ ಗಡಿಯಾರ. ಕಿಟಕಿಯ ಹೊರಗೆ ಕಣ್ಣು ಕಾಣದಂಥ ಮಳೆ. ಇಂಥ ಮಳೆಗೆ ಕೋಣೆಯ ಹೆಂಗಸರು ಇನ್ನೊಂದು ಹಿಡಿ ಗೆರಟೆ ಹಾಕಿಯೇ ಹಾಕುತ್ತಾರೆ. ಗೋಣಿ ತುರುಕುವಾಗ ಸಾಲದೆಂದು ಗುಡಿಸುವ ಹಿಡಿಸೂಡಿಯ ಹಿಂಬದಿಯಿಂದ ಗುದ್ದಿ ಗುದ್ದಿ ಬಿಗಿ ಮಾಡಿದ್ದು ನೆನಪಿಗೆ ಬಂತು. ನನ್ನ ಜೀವದ ಭಯ ಆ ಹೊತ್ತಿಗೆ ನನಗಿರಲಿಲ್ಲ. ಆ ಎರಡು ಕಿಂಡಿಗಳನ್ನು ಬಿಟ್ಟು ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ನಮ್ಮನೆಯವರು ಒಂದು ಗಂಟೆ ಹತ್ತು ನಿಮಿಷ ಬಿಟ್ಟು ಬಂದರು. ಮೈಯೆಲ್ಲ ನೀರು.

"ಎಲ್ಲರ್ನೂ ಹೊರ್ಗ್ ಹಾಕ್ದೆ. ಗಿರ್ಜ ಮಣಿ ಮೇಲೇ ಒರ್ಗಿತ್ತ್, ಆಟೋದಗೆ ತಂದೆ. ಕೆಳ್ಗಿನ ವಾರ್ಡಗೆ ಇತ್ತ್. ಈಗ ಕಣ್ ಬಿಟ್ಟಿತ್."

ಅವಳು ತೂಕಡಿಸುತ್ತಿದ್ದಾಳೆ ಎಂದು ಪಕ್ಕದವರು ನಗುತ್ತಿದ್ದರಂತೆ.

ನಾಲ್ಕು ದಿನಕ್ಕೆ ಇಬ್ಬರೂ ಮನೆಗೆ ಬಂದೆವು. ಮೈ ಬಂತು, ಮನಸ್ಸು ಬರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ. ಹೋದ ನೆನಪು ಮರಳುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಡಾಕ್ಟರಮ್ಮ ಖಂಡಿತ ಉತ್ತರ ಕೊಡಲಿಲ್ಲ, ಕಾಯಬೇಕು ಎಂದರು. ಸ್ನಾನಕ್ಕೆ ಹೋದರೆ ಬಚ್ಚಲೊಲೆಯ ಕೆಂಡ ಕಂಡು ಬಾಗಿಲು ತೆರೆದಿಟ್ಟುಕೊಳ್ಳುತ್ತಿದ್ದೆ. ನಮ್ಮನೆಯವರು ಹೊರಗೆ ಬೆನ್ನು ಹಾಕಿ ಕಾವಲು ನಿಲ್ಲುತ್ತಿದ್ದರು.

ಎರಡು ತಿಂಗಳು ಬಿಟ್ಟು ಕೆಲಸಕ್ಕೆ ಹೋದೆ. ಅಗ್ಗಿಷ್ಟಿಕೆ ಒಳಗೆ ಬರುವಂತಿಲ್ಲ. ಧಣಿಗಳು ಗೋಡೆ ಒಡೆಸಿ ಗಾಳಿ ಹೊರಹಾಕುವ ಫ್ಯಾನು ಕೂರಿಸಿದ್ದಾರೆ. ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಎಲ್ಲರೂ ಹೊರಗೆ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ಬರೆಸಿ ಬಾಗಿಲಿಗೆ ಅಂಟಿಸಿದ್ದಾರೆ. ನಾನು ಕೂತುಕೊಳ್ಳುವ ಮೊದಲು ಎರಡು ಕಿಂಡಿಗಳನ್ನೂ ನೋಡುತ್ತೇನೆ. ಈಗಲೂ. ಬೆರಳು ಮೊದಲಿನಷ್ಟು ಚುರುಕಿಲ್ಲ, ಹೆಚ್ಚು ತುಂಡು ನನ್ನ ತಟ್ಟೆಯಲ್ಲೇ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಕಿಂಡಿಯಿಂದ ಮಳೆಯ ಎರಚಲು ಒಳಗೆ ಬಂತು. ಹೊಸದಾಗಿ ಸೇರಿದ ಒಬ್ಬಳು ಗೋಣಿ ಹಿಡಿದು ಸ್ಟೂಲು ಎಳೆದಳು. ಗಿರಿಜೆ ತಲೆ ಎತ್ತದೆ ಹೇಳಿದಳು.

"ಕೂಕೋ ಮರಾಯ್ತಿ. ತುಂಡಾಪುದ್ ಬೀಜ ಅಲ್ದಾ, ನಾವಲ್ಲ."

ಅವಳು ಗೋಣಿ ಕೆಳಗಿಟ್ಟು ಕೂತಳು. ನನ್ನ ಬೆನ್ನಿಗೆ ಮಳೆಯ ಹನಿ ಬೀಳುತ್ತಿತ್ತು. ನಾನು ಮಣೆ ಸರಿಸಲಿಲ್ಲ.