ಬಸ್ಸನ್ನು ನೋಡುತ್ತಿದ್ದ ಚಿಗರಿ

ನಿಂಗರಾಜನಿಗೆ ಸ್ವಂತ ಅಭಿಪ್ರಾಯ ಎಂಬುದಿಲ್ಲ. ಕೊನೆಗೆ ಮಾತಾಡಿದವರು ಯಾರೋ, ಅವರ ಅಭಿಪ್ರಾಯವೇ ಅವನದು. ಇದನ್ನು ನಾನು ಬೆನ್ನ ಹಿಂದೆ ಹೇಳಿದ್ದಲ್ಲ, ಅವನೆದುರಿಗೇ ಹೇಳಿದ್ದೇನೆ. "ಹೌದ್ರಿ ಮೇಡಂ" ಅಂದ.

ಹಟ್ಟಿಯ ಚಿನ್ನದ ಗಣಿಯಲ್ಲಿ ಅವನು ಪಂಪ್ ಆಪರೇಟರ್. ಹೆಂಡತಿ ಪದ್ಮಾವತಿಯ ಜೊತೆ ಕಂಪನಿ ಕ್ವಾರ್ಟರ್ಸಿನಲ್ಲಿದ್ದಾನೆ. ಶಿಫ್ಟ್ ಮುಗಿಸಿ ಬಂದು ಮಲಗಬೇಕಾದ ಹೊತ್ತಿಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮಸ್ಕಿಯ ಗುಡ್ಡ, ಸಾಲಗುಂದದ ಭತ್ತದ ಗದ್ದೆ, ತನ್ನೂರು ಸಂತೆಕಲ್ಲೂರಿನ ಜೋಳದ ಹೊಲ ಎಂದು ಅಲೆಯುತ್ತಾನೆ.

ಅವನಂತೆ ಪ್ರಾಣಿ ಪಕ್ಷಿಗಳ ಹಿಂದೆ ಬಿದ್ದವರು ಲಿಂಗಸುಗೂರಿನಲ್ಲಿ ದಸ್ತಗೀರ್‌ಸಾಬರ ಸ್ಟುಡಿಯೋದ ಮಾಳಿಗೆಯ ಮೇಲೆ ತಿಂಗಳಿಗೊಮ್ಮೆ ಸೇರುತ್ತಾರೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಬ್ಬೊಬ್ಬರ ಫೋಟೊ ಬಿಡುತ್ತಾರೆ, ಉಳಿದವರು ತಪ್ಪು ಹೇಳುತ್ತಾರೆ. ಫೋಟೊ ಯಾರದೋ ಅವರು ಎಲ್ಲರ ಮಾತು ಮುಗಿಯುವವರೆಗೆ ಬಾಯಿ ತೆರೆಯಬಾರದು ಎಂಬುದು ಅಲ್ಲಿಯ ಕಟ್ಟಳೆ. ನಾನು ಸಿಂಧನೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಜಿಂಕೆಯನ್ನು ಚಿಗರಿ ಎಂದು, ಕೃಷ್ಣಮೃಗವಾದ ಚಿಗರಿಯನ್ನು ಜಿಂಕೆ ಎಂದು ಬರೆಯದಂತೆ ನೋಡಿಕೊಳ್ಳಲು ನನ್ನನ್ನು ಕರೆಯುತ್ತಾರೆ.

ವರ್ಷಕ್ಕೊಮ್ಮೆ ಸಿಂಧನೂರಿನಲ್ಲಿ ಪ್ರದರ್ಶನ. ಎಲ್ಲರೂ ಒಪ್ಪಿದ ಫೋಟೊ ಮಾತ್ರ ಗೋಡೆಗೆ ಹತ್ತಬೇಕು. ನಿಂಗರಾಜ ಸೇರಿದಾಗಿನಿಂದ ಅವನದು ಒಂದೂ ಹತ್ತಿರಲಿಲ್ಲ. ಈ ಸಲ ಹತ್ತಲೇಬೇಕು ಎಂದು ಅವನಿಗಿತ್ತು. ಅವನು ಬಾಯಿಬಿಟ್ಟು ಹೇಳಿದ ಒಂದೇ ಆಸೆ ಅದು.

ಅವನು ತಂದ ಫೋಟೊ ಹೀಗಿತ್ತು. ಸಂತೆಕಲ್ಲೂರಿನ ಹತ್ತಿರ ಕೊಯ್ದ ಜೋಳದ ಹೊಲದಲ್ಲಿ ಕರಿ ಬೆನ್ನಿನ, ತಿರುಚಿದ ಕೊಂಬಿನ ಗಂಡು ಚಿಗರಿ ನಿಂತಿದೆ. ಬಲಗಡೆ ರಸ್ತೆಯ ಮೇಲೆ ಸರ್ಕಾರಿ ಬಸ್. ಚಿಗರಿ ಬಸ್ಸನ್ನು ನೋಡುತ್ತಿದೆ, ಬಸ್ಸಿನ ಕೊನೆಯ ಕಿಟಕಿಯಿಂದ ಒಬ್ಬ ಹೆಂಗಸು ಚಿಗರಿಯನ್ನು ನೋಡುತ್ತಿದ್ದಾಳೆ. ಹಿಂದೆ ಬರುತ್ತಿದ್ದ ಶೇರ್ ಆಟೋದಿಂದ ಅರ್ಧ ಮೈ ಹೊರಗೆ ಹಾಕಿ ತೆಗೆದಿದ್ದರಿಂದ ನೆಲ ಎಡಕ್ಕೆ ಇಳಿದಿತ್ತು.

"ಬಸ್ ತೆಗಿ" ಎಂದ ವೀರೇಂದ್ರ. ಅವನದು ಸಿಂಧನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಅವನ ಲೆನ್ಸು ತೋಳುದ್ದ ಇದೆ. "ಕಾಡುಪ್ರಾಣಿ ಫೋಟೊದಾಗ ಡಿಪೋದ ಗಾಡಿ ಏನ್ ಮಾಡಾಕತ್ತೈತಿ?"

ಮಸ್ಕಿಯ ಪಶುವೈದ್ಯೆ ಅನುಪಮಾ ಒಪ್ಪಲಿಲ್ಲ. "ನಮ್ ಕಡೆ ಚಿಗರಿ ರೋಡ್ ಬಾಜೂಕೇ ಇರ್ತಾವ್ರಿ. ಇರ್ಲಿ ಬಸ್. ಆದ್ರ ಚಿಗರಿ ಭಾಳ ಸಣ್ಣದಾಗೈತಿ, ಹತ್ರಕ್ಕ ಕತ್ತರಿಸಬೇಕು."

"ನೆಲ ವಾರೆಯಾಗಿದೆ. ಮೊದಲು ಅದನ್ನು ನೆಟ್ಟಗೆ ಮಾಡು" ಎಂದೆ ನಾನು.

ನಿಂಗರಾಜ ಮೂವರಿಗೂ ತಲೆಯಾಡಿಸಿದ.

ಮುಂದಿನ ತಿಂಗಳು ಬಸ್ ಇರಲಿಲ್ಲ. ಚಿಗರಿಯ ಮೂಗು ಫೋಟೊದ ಅಂಚಿಗೆ ತಾಗಿತ್ತು.

"ಇದೇನಲೇ, ಗ್ವಾಡಿಗೆ ಮೂಗು ಹಚ್ಚಿ ನಿಂತೈತಿ" ಎಂದ ವೀರೇಂದ್ರ. "ಮಾಸ್ತರ ಶಿಕ್ಷಾ ಕೊಟ್ಟಾರೇನು? ಅದು ನೋಡೋ ದಿಕ್ಕಿಗೆ ಜಾಗ ಬಿಡು."

ಎಲ್ಲರ ಮಾತು ಮುಗಿದ ಮೇಲೆ ನಿಂಗರಾಜ ಮೆಲ್ಲಗೆ ಹೇಳಿದ. "ಆ ಜಾಗದಾಗ ಬಸ್ ಐತ್ರಿ."

"ಜಾಗ ಬಿಡು ಅಂದೆ. ಬಸ್ ಬಿಡು ಅಂದೆನೇನು?"

ಒಂದು ದಿನ ನಿಂಗರಾಜ ನನ್ನ ಮನೆಗೆ ಬಂದು ಫೋನಿನಲ್ಲಿ ಒಂದಾದ ಮೇಲೊಂದು ತೋರಿಸಿದ. ಬಸ್ ಇದ್ದದ್ದು, ಇಲ್ಲದ್ದು, ಅರ್ಧ ಬಸ್ ಇದ್ದದ್ದು, ಬರೀ ಕೊಂಬು. ನಾನು ಹೇಳಿದಂತೆ ನೆಟ್ಟಗೆ ಮಾಡಿದ್ದೂ ಇತ್ತು. ತಿರುಗಿಸಿದಾಗ ಮೂಲೆ ಕತ್ತರಿಸಿ ಹೋಗಿ ಒಂದರಲ್ಲಿ ಕೊಂಬಿನ ತುದಿ ಮಾಯವಾಗಿತ್ತು, ಇನ್ನೊಂದರಲ್ಲಿ ಕಿಟಕಿಯ ಹೆಂಗಸು.

"ಇದ್ರಾಗ ನಾ ತೆಗೆದದ್ದು ಯಾವುದು ಅನ್ನೋದೇ ತಿಳಿವಲ್ದ್ರಿ ಮೇಡಂ."

"ನಿನಗೆ ಯಾವುದು ಬೇಕು?"

ಬಹಳ ಹೊತ್ತು ಫೋನ್ ನೋಡಿದ. "ನೀವ ಹೇಳ್ರಿ" ಎಂದ. ನಾನು ಚಹಾ ಲೋಟ ಎತ್ತಿಕೊಂಡು ಒಳಗೆ ಹೋದೆ.

ದಾರಿ ತೋರಿಸಿದವರು ದಸ್ತಗೀರ್‌ಸಾಬ್. ಅವರದು ಮದುವೆ ಫೋಟೊಗಳ ಕಸುಬು. "ಕರೀದ ಬಂದು ವರನ ಬಾಜೂ ನಿಂತ ಮಂದೀನ್ನ ಎಷ್ಟ್ ಸಲ ಅಳಿಸೀನಿ, ಬಸ್ ಯಾವ ಲೆಕ್ಕ?" ಎಂದು ಕಂಪ್ಯೂಟರಿನ ಮುಂದೆ ಕೂತು ಬಸ್ಸನ್ನು ಸಾಫ್ ಒರೆಸಿದರು. ಅದು ಇದ್ದಲ್ಲಿ ಜೋಳದ ಕೂಳೆ ತುಂಬಿಸಿ, ಚಿಗರಿಯನ್ನು ಹತ್ತಿರಕ್ಕೆ ತಂದು, ನೆಲವನ್ನೂ ನೆಟ್ಟಗೆ ಮಾಡಿದರು. ಚಿಗರಿಯ ಮುಂದೆ ಈಗ ಬೇಕಾದಷ್ಟು ಜಾಗ. ಹಾಗೆ ಅಳಿಸುವುದು ಸುಳ್ಳು ಎಂದು ಅನುಪಮಾ ಜಗಳ ತೆಗೆದಳು, ಆದರೆ ಕೊನೆಗೆ ಅವಳೂ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ನಿಂಗರಾಜನ ಫೋಟೊ ಮೊದಲ ಬಾರಿಗೆ ಪಾಸಾಯಿತು. ಅವನ ಮುಖದಲ್ಲಿ ಸಂತೋಷವಿತ್ತೋ ಇಲ್ಲವೋ ಹೇಳಲಾರೆ. ಸ್ಟಾಪು ತಪ್ಪಿ ಇಳಿದವನ ಹಾಗಿದ್ದ.

ಪ್ರದರ್ಶನದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಾವೈದೂ ಜನ ಗೋಡೆಗಳನ್ನು ನೋಡುತ್ತ ಬಂದೆವು. ದೊಡ್ಡದಾಗಿ ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಿದ ಚಿಗರಿಯ ಫೋಟೊದ ಮುಂದೆ ವೀರೇಂದ್ರ ನಿಂತುಬಿಟ್ಟ.

"ಸಾಬ್ರ, ಈ ನೆರಳು ಯಾರ್ದು?"

ಇಳಿಬಿಸಿಲಿನಲ್ಲಿ ತೆಗೆದ ಫೋಟೊ. ಬಸ್ ಹೋಗಿತ್ತು, ಕೂಳೆಯ ಮೇಲೆ ಚಾಚಿದ ಅದರ ನೆರಳು ಹಾಗೇ ಇತ್ತು, ಕಿಟಕಿಗಳ ಸಮೇತ. ಇಷ್ಟು ಜನ ಇಷ್ಟು ತಿಂಗಳು ನೋಡಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ. ನನಗೂ.

ದಸ್ತಗೀರ್‌ಸಾಬ್ ಕನ್ನಡಕ ಒರೆಸಿಕೊಂಡರು. "ಮದುವಿ ಫೋಟೊದಾಗ ನೆರಳು ಇರಂಗಿಲ್ರಿ. ನಾಕೂ ಕಡೆ ಲೈಟ್ ಹಚ್ಚಿರ್ತೀವಿ."

"ಮಂದಿ ನಗ್ತಾರ" ಎಂದ ವೀರೇಂದ್ರ. "ಇಳಿಸಿಬಿಡು ನಿಂಗರಾಜ. ಮುಂದಿನ ವರ್ಷ ನೋಡೋಣಂತ."

"ಹೌದ್ರಿ" ಎಂದು ನಿಂಗರಾಜ ಇಳಿಸಿದ. ಹಳೆ ಪೇಪರಿನಲ್ಲಿ ಸುತ್ತಿ ಒಯ್ಯುತ್ತಾನೆ ಎಂದುಕೊಂಡೆ. ಅವನು ಕಟ್ಟನ್ನು ನೆಲದ ಮೇಲೆ ಬೋರಲು ಹಾಕಿ, ಬೀಗದ ಕೈಯಿಂದ ಹಿಂದಿನ ಮೊಳೆಗಳನ್ನು ಬಗ್ಗಿಸಿ ರಟ್ಟು ತೆಗೆದ. ಬಸ್ಸಿಲ್ಲದ ಚಿಗರಿಯ ಬೆನ್ನಿಗೆ ಇನ್ನೊಂದು ಫೋಟೊ ಇತ್ತು. ಅದರಲ್ಲಿ ಬಸ್, ಚಿಗರಿ, ಕಿಟಕಿಯ ಹೆಂಗಸು, ಇಳಿದ ನೆಲ ಎಲ್ಲ ಮೊದಲ ದಿನದಂತೆಯೇ ಇದ್ದವು. ಅದನ್ನು ಮುಂದಕ್ಕೆ ಹಾಕಿ, ರಟ್ಟು ಮುಚ್ಚಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದ.

"ಇದನ್ಯಾವಾಗ ಇಟ್ಟಿದ್ದೆಲೇ?" ಎಂದ ವೀರೇಂದ್ರ. "ಇದನ್ನ ಯಾರೂ ಪಾಸ್ ಮಾಡಿಲ್ಲಲ್ಲ?"

"ಹೌದ್ರಿ."

"ಚಿಗರಿ ಸಣ್ಣದೇ ಆತು" ಎಂದಳು ಅನುಪಮಾ.

"ಹೌದ್ರಿ ಮೇಡಂ."

ಅವನ ಕೈ ಕಟ್ಟಿನ ಮೇಲೆಯೇ ಇತ್ತು, ತೆಗೆಯಲಿಲ್ಲ. ನನ್ನ ಅಭ್ಯಾಸ ನನ್ನನ್ನು ಬಿಡಲಿಲ್ಲ. "ನೆಲ ಇನ್ನೂ ವಾರೆಯಾಗೇ ಇದೆ" ಎಂದೆ.

"ಹೌದ್ರಿ ಮೇಡಂ" ಎಂದ ನಿಂಗರಾಜ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮತ್ತೆ ಹತ್ತಿರ ಬಂದು, ಜೋಳದ ಹೊಲ ಸಮನಾಗುವವರೆಗೆ ಕಟ್ಟಿನ ಎಡಮೂಲೆಯನ್ನು ಮೇಲಕ್ಕೆತ್ತಿದ. ಅದು ಜಾರದಂತೆ ಜೇಬಿನಲ್ಲಿದ್ದ ಬಸ್ ಟಿಕೆಟನ್ನು ಮಡಚಿ ಗೋಡೆಗೂ ಕಟ್ಟಿಗೂ ನಡುವೆ ತುರುಕಿದ. ಈಗ ಚಿಗರಿ ನೆಟ್ಟಗೆ ನಿಂತಿತ್ತು. ಸಾಲಿನಲ್ಲಿದ್ದ ಅಷ್ಟೂ ಕಟ್ಟುಗಳ ನಡುವೆ ಅವನದೊಂದೇ ವಾರೆಯಾಗಿತ್ತು.

ಅವನು ನನ್ನ ಮಾತು ಕೇಳಿದನೋ ಇಲ್ಲವೋ ಎಂದು ನಾನಿನ್ನೂ ಯೋಚಿಸುತ್ತಿರುವಾಗಲೇ, ನಿಂಗರಾಜ ಹೋಗಿ ಬಾಗಿಲು ತೆರೆದ.