ತಗಡಿನ ಆಚೆಬದಿ

ಬಸ್ಸಿನ ಬಾಡಿ ಕಟ್ಟುವ ಆ ಕಾರ್ಖಾನೆಯಲ್ಲಿ ಗನ್ ಮೇಸ್ತ್ರಿಯನ್ನು ಅರಿಯದವರಿಲ್ಲ. ಹೆಸರು ಕೇಳಿ ಹೆದರುವುದು ಬೇಡ. ಅವನ ಕೈಯಲ್ಲಿದ್ದದ್ದು ಗಾಳಿಯ ಒತ್ತಡದಿಂದ ರಿವೆಟ್ ಬಡಿಯುವ ಗನ್, ಅಷ್ಟೇ. ಇಪ್ಪತ್ತಾರು ವರ್ಷ ಅದನ್ನು ಹಿಡಿದೂ ಹಿಡಿದೂ ಅವನ ಬಲಗೈ ಸುಮ್ಮನೆ ಕೂತಾಗಲೂ ಸಣ್ಣಗೆ ನಡುಗುತ್ತಿತ್ತು. ಊಟದ ಹೊತ್ತಿನಲ್ಲಿ ಲೋಟ ಎತ್ತಿದರೆ ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ. "ಮೇಸ್ತ್ರಿದು ಸ್ನಾನಾನೂ ಇಲ್ಲೇ ಆಗೋಯ್ತು" ಎಂದು ಜೊತೆಯವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಗನ್ ಹಿಡಿದರೆ ಮಾತ್ರ ಅದೇ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

ರಿವೆಟ್ ಹೊಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನವನು ತಗಡಿನ ತೂತಿಗೆ ರಿವೆಟ್ ತೂರಿಸಿ ಗನ್ನಿನಿಂದ ಬಡಿಯಬೇಕು. ಬಸ್ಸಿನ ಒಳಗೆ ನಿಂತವನು ಅದರ ಬಾಲಕ್ಕೆ ಡಾಲಿಯನ್ನು, ಅಂದರೆ ಅಂಗೈಯಗಲದ ಉಕ್ಕಿನ ಗಟ್ಟಿಯನ್ನು, ಒತ್ತಿ ಹಿಡಿಯಬೇಕು. ಆಗ ಬಾಲ ಚಪ್ಪಟೆಯಾಗಿ ತಗಡು ಬಿಗಿಯುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ. ಅದಕ್ಕೇ ಒಳಗಿನವನು ಡಾಲಿಯಿಂದ ತಗಡು ತಟ್ಟುತ್ತಾನೆ. ಒಂದು ಸಲ ತಟ್ಟಿದರೆ ಸರಿಯಾಗಿ ಕೂತಿದೆ. ಎರಡು ಸಲ ತಟ್ಟಿದರೆ ಇನ್ನೊಂದಿಷ್ಟು ಹೊಡಿ. ಮೂರು ಸಲ ತಟ್ಟಿದರೆ ಕೆಟ್ಟಿದೆ, ಕೊರೆದು ತೆಗಿ.

ಒಳಗೆ ತಟ್ಟುತ್ತಿದ್ದವರು ಅವನ ಭಾವ, ಸ್ವಂತ ಅಕ್ಕನ ಗಂಡ. ಈ ಕೆಲಸಕ್ಕೆ ಅವನನ್ನು ಕೈಹಿಡಿದು ಕರೆತಂದವರೂ ಅವರೇ. ಮೊದಲ ಹದಿನೈದು ವರ್ಷ ಇಬ್ಬರದೂ ಹಾಲುಜೇನಿನ ಹಾಗಿತ್ತು. ಅಕ್ಕ ಕಟ್ಟಿಕೊಟ್ಟ ಒಂದೇ ಡಬ್ಬಿಯಲ್ಲಿ ಇಬ್ಬರೂ ಉಣ್ಣುತ್ತಿದ್ದರು. ಆಮೇಲಿನ ಹನ್ನೊಂದು ವರ್ಷ ಒಂದೇ ಒಂದು ಮಾತಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಭಾವನಿಗೆ ಆಫೀಸಿನಿಂದ ಚೀಟಿ ಬಂದಿತ್ತು: ಹೆಂಡತಿಗೆ ಎದೆನೋವು, ಪಕ್ಕದ ಮನೆಯವರು ಫೋನ್ ಮಾಡಿದ್ದಾರೆ. ಭಾವ ಹೋದದ್ದು ಕೈಯಲ್ಲಿದ್ದ ಸಾಲನ್ನು ಮುಗಿಸಿ. ಮುಕ್ಕಾಲು ಗಂಟೆಯ ಕೆಲಸ. ಆಸ್ಪತ್ರೆಯಲ್ಲಿ ಡಾಕ್ಟರು, ಅರ್ಧ ಗಂಟೆ ಮುಂಚೆ ಬಂದಿದ್ದರೆ ಎಂದು ಶುರುಮಾಡಿ, ಇವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲೆ, ಅಕ್ಕನ ಮಗಳೂ ಸೇರಿ ಹತ್ತು ಜನರ ಎದುರು ಮೇಸ್ತ್ರಿ ಹೇಳಿಬಿಟ್ಟ: "ನನ್ನ ಅಕ್ಕನಿಗಿಂತ ನಿಮಗೆ ಒಂದು ಸಾಲು ರಿವೆಟ್ ಹೆಚ್ಚಾಯ್ತು, ಅಲ್ವಾ ಭಾವ?" ಭಾವ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದರು. ಏನೋ ಹೇಳುವವರ ಹಾಗೆ ತುಟಿ ತೆರೆದು, ಮುಚ್ಚಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕಾರ್ಖಾನೆಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಸಾವಿರ ರಿವೆಟ್ಟಿಗೆ ಅವರದು ಕೆಡುತ್ತಿದ್ದುದು ಎರಡೋ ಮೂರೋ. ಅಂಥ ಜೋಡಿಯನ್ನು ಬೇರೆ ಮಾಡಲು ಯಾವ ಸೂಪರ್‌ವೈಸರನಿಗೆ ತಲೆ ಕೆಟ್ಟಿದೆ? ಬೆಳಿಗ್ಗೆ ಒಬ್ಬರು ಒಳಗೆ ಹೋಗುತ್ತಿದ್ದರು, ಒಬ್ಬರು ಹೊರಗೆ ನಿಲ್ಲುತ್ತಿದ್ದರು, ಸಂಜೆ ಎರಡು ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು.

ಹೀಗಿರುವಾಗ ಆಡಳಿತ ಬದಲಾಯಿತು, ಮೌಲ್ಯಮಾಪನ ಎಂಬುದು ಬಂತು. ಯಾರು ಎಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡುತ್ತಾರೆ ಎಂದು ಅಳೆಯುವುದಂತೆ. ಅಳೆಯಲು ಬಂದ ಮೇಡಂಗೆ ಮೂವತ್ತೈದರ ಒಳಗೇ ವಯಸ್ಸು, ಕೆಟ್ಟವರಲ್ಲ. ನರೆತ ತಲೆಯ ಗಂಡಸರನ್ನೆಲ್ಲ ಮೇಜಿನ ಸುತ್ತ ಕೂರಿಸಿ, ಹಳೇ ಪೇಪರು ಮತ್ತು ಅಂಟು ಕೊಟ್ಟು, ಗೋಪುರ ಕಟ್ಟಿ ಎಂದರು. ಉಳಿದ ಮೇಜುಗಳಲ್ಲಿ ಮಾತೋ ಮಾತು, ಗೋಪುರ ಮಾತ್ರ ಮೊಣಕಾಲೆತ್ತರ ದಾಟಲಿಲ್ಲ. ಮೇಸ್ತ್ರಿ ಪೇಪರು ಸುತ್ತಿದ, ಭಾವ ಬುಡ ಹಿಡಿದರು. ಅವರದು ಎದೆಯೆತ್ತರ ಬಂತು, ಅದೂ ಅರ್ಧ ಹೊತ್ತಿನಲ್ಲಿ. ಮೇಡಂ ಮೆಚ್ಚಿ ತಲೆದೂಗಿದರು, ಆಮೇಲೆ ಹಾಳೆಯಲ್ಲಿ ಬರೆದುಕೊಂಡರು: ಪರಸ್ಪರ ಸಂವಹನ, ಇಲ್ಲ.

ಮರುದಿನ ಫಾರಂ ಬಂತು. ಜೊತೆಯವನಿಗೆ ಹತ್ತು ಪ್ರಶ್ನೆಗಳಲ್ಲಿ ಅಂಕ ಹಾಕಬೇಕು, ಒಂದೊಂದಕ್ಕೆ ಐದು. ಅರ್ಧಕ್ಕಿಂತ ಕಡಿಮೆ ಬಂದವರನ್ನು ಊರಾಚೆಯ ಘಟಕಕ್ಕೆ, ಮರದ ಪೆಟ್ಟಿಗೆ ಹೊರುವ ಕೆಲಸಕ್ಕೆ ಕಳಿಸುತ್ತಾರೆ ಎಂಬುದನ್ನು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಉಳಿದವರು ಪ್ರಶ್ನೆಯನ್ನೂ ಓದದೆ ಐದಕ್ಕೈದು ಹಾಕಿ ಚಹಾಕ್ಕೆ ಎದ್ದರು. ಮೇಸ್ತ್ರಿ ಓದಿದ. 'ನಿಮ್ಮೊಂದಿಗೆ ಮುಕ್ತವಾಗಿ ಮಾತನಾಡುತ್ತಾರೆಯೇ?' ಸೊನ್ನೆ ಹಾಕಿದ. ಅದು ನಿಜವೇ ಆಗಿತ್ತು. ಆದರೆ ಹನ್ನೊಂದು ವರ್ಷದ ಸಿಟ್ಟಿನ ಕೈಗೆ ಪೆನ್ನು ಸಿಕ್ಕಿದರೆ ಒಂದು ಸೊನ್ನೆಗೆ ನಿಲ್ಲುತ್ತದೆಯೇ? 'ಕಷ್ಟದಲ್ಲಿ ಜೊತೆಗಿರುತ್ತಾರೆಯೇ?' ಸೊನ್ನೆ. 'ಯಾವುದು ಮುಖ್ಯ ಎಂದು ತಿಳಿದು ನಡೆಯುತ್ತಾರೆಯೇ?' ಅದಕ್ಕೂ ಸೊನ್ನೆ. ಹತ್ತರಲ್ಲಿ ಏಳಕ್ಕೆ ಸೊನ್ನೆ ಬಿತ್ತು. ಭಾವನಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಎಡಭುಜ ಮೇಲೇಳುತ್ತಿರಲಿಲ್ಲ. ಎರಡೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ದಿನ ಮೇಡಂ ಅವನನ್ನು ಕರೆಸಿದರು. ಮೇಜಿನ ಮೇಲೆ ಎರಡು ಫಾರಂ ಇದ್ದವು.

"ಇದನ್ನ ನಿಮಗೆ ತೋರಿಸೋ ಹಾಗಿಲ್ಲ. ಆದ್ರೆ ನೀವು ಹಾಕಿರೋದಕ್ಕೂ ಅವರು ಹಾಕಿರೋದಕ್ಕೂ ಹೊಂದಾಣಿಕೆನೇ ಆಗ್ತಿಲ್ಲ. ನನಗೆ ಅರ್ಥವಾಗ್ಬೇಕು, ಓದಿ."

ಭಾವನ ದೊಡ್ಡ ದೊಡ್ಡ ಅಕ್ಷರ. ಹತ್ತಕ್ಕೆ ಹತ್ತೂ ಐದು. ಮುಕ್ತವಾಗಿ ಮಾತನಾಡುತ್ತಾರೆಯೇ ಎಂಬಲ್ಲಿ ಪಕ್ಕದಲ್ಲಿ ಬರೆದಿದ್ದರು: 'ನನ್ನ ಬಾಮೈದ. ನಾನು ತಟ್ಟಿದ್ದಕ್ಕೆಲ್ಲ ಜವಾಬು ಕೊಡ್ತಾನೆ, ದಿನಕ್ಕೆ ಆರುನೂರು ಸಲ.' ಅದರ ಕೆಳಗಿನ ಪ್ರಶ್ನೆ, 'ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾರೆಯೇ?' ಅದಕ್ಕೂ ಐದು.

ಮೇಸ್ತ್ರಿ ಆ ಐದನ್ನು ಮತ್ತೊಮ್ಮೆ ನೋಡಿದ. ಆ ದಿನ ಚೀಟಿ ಬಂದಾಗ ಭಾವ ಡಾಲಿ ಕೆಳಗಿಟ್ಟು, ಕಿಟಕಿಯ ಚೌಕಟ್ಟಿನಿಂದ ತಲೆ ಹೊರಹಾಕಿ, "ನಾನು ಹೊರಡ್ಲಾ?" ಎಂದು ಕೇಳಿದ್ದರು. ಬಾಡಿ ಸಂಜೆಗೆ ಹೋಗಬೇಕಿತ್ತು. ಅಕ್ಕನಿಗೆ ಎದೆಯುರಿ ಆಗಾಗ ಬರುತ್ತಿತ್ತು. "ಅವಳದು ಇದ್ದದ್ದೇ. ಈ ಸಾಲು ಮುಗಿಸಿ ಹೋಗಿ ಭಾವ" ಎಂದವನು ಅವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಅವನು ಅದಕ್ಕಿಂತ ಜಾಣ, ಕಾಯಿಯನ್ನು ಪಕ್ಕದವರ ಹೆಗಲ ಮೇಲಿಟ್ಟಿದ್ದ. ಪಕ್ಕದವರು ಹನ್ನೊಂದು ವರ್ಷ ಅದನ್ನು ಹೊತ್ತರು. ಇದು ನನ್ನದಲ್ಲ ಎಂದು ಯಾರ ಹತ್ತಿರವೂ ಹೇಳಲಿಲ್ಲ, ಈ ಫಾರಮ್ಮಿನಲ್ಲೂ ಹೇಳಲಿಲ್ಲ.

"ಏನಾದ್ರೂ ಬದಲಾಯಿಸ್ಬೇಕಾ?" ಮೇಡಂ ಮೆಲ್ಲಗೆ ಕೇಳಿದರು. "ಹೊಸ ಫಾರಂ ಕೊಡ್ತೀನಿ. ಯಾಕೆ ಅಂತ ಒಂದು ಮಾತು ಹೇಳಿ, ಸಾಕು."

ಆ ಒಂದು ಮಾತು ಹೇಳಿದರೆ ಅದರ ಹಿಂದಿನದೆಲ್ಲ ಹೇಳಬೇಕು. ಅಕ್ಕನ ಮಗಳ ಎದುರು ಮುಂದೆ ಹೇಗೆ ನಿಲ್ಲುವುದು? ಎರಡೂ ಫಾರಂಗಳನ್ನು ಜೋಡಿಸಿ ಮೇಡಂ ಕಡೆಗೆ ಸರಿಸಿದ.

"ಬರ್ದಿರೋದು ನಿಜಾನೇ ಮೇಡಂ. ನಾವು ಮಾತಾಡಲ್ಲ."

ಶನಿವಾರ ಬೆಳಿಗ್ಗೆ ಬೋರ್ಡಿಗೆ ಹಾಳೆ ಅಂಟಿಸಿದರು. ಸೋಮವಾರದಿಂದ ಭಾವ ಊರಾಚೆಯ ಘಟಕಕ್ಕೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಅಂಕ ಹಾಕಿದವರು ಯಾರೆಂದು ಊಹಿಸಲು ಪಂಡಿತರಾಗಬೇಕಿರಲಿಲ್ಲ. ಎಂದಿನಂತೆ ಡಾಲಿ ತೆಗೆದುಕೊಂಡು ಬಸ್ಸಿನ ಒಳಗೆ ಹೋದರು.

ಅಂದು ಸಂಜೆಯವರೆಗೂ ಹೊಡೆದರು. ಒಂದು ತಟ್ಟು, ಒಂದು ತಟ್ಟು, ಎಲ್ಲೋ ಒಮ್ಮೆ ಎರಡು. ಪ್ರತಿ ತಟ್ಟಿಗೂ ಮೇಸ್ತ್ರಿ, ಇದರ ನಂತರ ಹೇಳಿಬಿಡೋಣ ಎಂದುಕೊಂಡ. ಇದರ ನಂತರ ಎನ್ನುತ್ತಲೇ ಸಾಲು ಮುಗಿಯುತ್ತ ಬಂತು. ಕೊನೆಯ ರಿವೆಟ್ಟಿಗೆ ಗನ್ ಇಟ್ಟಾಗ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಗನ್ ಹಿಡಿದ ಕೈಯೂ ನಡುಗಿತು. ಪೆಟ್ಟು ಓರೆಯಾಗಿ ಬಿತ್ತು. ಬಿದ್ದದ್ದು ಅವನಿಗೆ ಮಣಿಕಟ್ಟಿನಲ್ಲೇ ಗೊತ್ತಾಯಿತು. ಹೊಸ ಆಡಳಿತ ಬಂದ ಮೇಲೆ ಕೆಟ್ಟ ರಿವೆಟ್ಟಿಗೆಲ್ಲ ಹೊಡೆದವನ ಹೆಸರಿನಲ್ಲಿ ಒಂದು ಗೀಟು ಬೀಳುತ್ತಿತ್ತು. ಮೂರು ತಟ್ಟು ಬರುವುದನ್ನೇ ಕಾದು ನಿಂತ.

ಒಂದೇ ತಟ್ಟು ಬಂತು.

ಅವನು ಇನ್ನೂ ಕಾದ, ಮತ್ತೇನೂ ಬರಲಿಲ್ಲ. ಟಾರ್ಚ್ ಹಿಡಿದು ಒಳಗೆ ಹೋದರೆ ಡಾಲಿ ನೆಲದ ಮೇಲೆ, ಮಡಿಸಿದ ಒರಸುಬಟ್ಟೆಯ ಮೇಲೆ ಇತ್ತು. ರಿವೆಟ್ಟಿನ ಬಾಲ ಸೀಳಿ ಒಂದು ಪಕ್ಕಕ್ಕೆ ಮಡಚಿಕೊಂಡಿತ್ತು, ಕುರುಡನ ಬೆರಳಿಗೂ ಗೊತ್ತಾಗುವಷ್ಟು. ಕೆಟ್ಟ ರಿವೆಟ್ಟನ್ನು ಭಾವ ಜನ್ಮದಲ್ಲಿ ಒಂದನ್ನೂ ಬಿಟ್ಟವರಲ್ಲ. ಕಿಟಕಿಯಿಂದ ನೋಡಿದ. ಬಲಭುಜಕ್ಕೆ ಚೀಲ ಹಾಕಿಕೊಂಡು ಅವರು ಗೇಟಿನ ಹತ್ತಿರ ಹೋಗಿದ್ದರು. ಯಂತ್ರಗಳೆಲ್ಲ ನಿಂತಿದ್ದವು, ಕರೆದರೆ ಕೇಳಿಸುತ್ತಿತ್ತು. ಅವನು ಕರೆಯಲಿಲ್ಲ.

ನಾಳೆ ಈ ಬಸ್ಸಿನಲ್ಲಿ ಜನ ಕೂರುತ್ತಾರೆ, ಅದನ್ನು ಹಾಗೇ ಬಿಡುವಂತಿರಲಿಲ್ಲ. ಹೊರಗೆ ಬಂದು ಆ ರಿವೆಟ್ಟನ್ನು ಕೊರೆದು ತೆಗೆದ. ಹೊಸದನ್ನು ತೂರಿಸಿ ಗನ್ ಇಟ್ಟು, ಅಭ್ಯಾಸದಂತೆ, ಒಳಗಿನಿಂದ ಡಾಲಿ ಬಂದು ಒತ್ತುವುದನ್ನು ಕಾದ. ರಿವೆಟ್ ಗನ್ನಿನ ತೂಕಕ್ಕೆ ತೂತಿನಲ್ಲಿ ಅತ್ತಿತ್ತ ಸಡಿಲವಾಗಿ ಆಡುತ್ತಿತ್ತು. ಗನ್ ಕೆಳಗಿಟ್ಟ. ನಡುಗುವ ಕೈಯ ಗೆಣ್ಣಿನಿಂದ ತಗಡನ್ನು ಮೂರು ಸಲ ತಟ್ಟಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ ತಟ್ಟಿದ. ಒಳಗೆ ಯಾರೂ ಇರಲಿಲ್ಲ.