ಮೂಡಲಿಗೆ ತಿರುಗಿಸಿ ನಿಲ್ಲಿಸಿದ ಕ್ಯಾಂಟರ್

ನಮ್ಮ ಯಜಮಾನರದು ಹಾಲಿನ ಕ್ಯಾಂಟರ್. ಚಿನಕುರಳಿ ಸುತ್ತಿನ ಡೈರಿಗಳಿಂದ ಬೆಳಗಿನ ಹಾಲಿನ ಕ್ಯಾನುಗಳನ್ನು ತುಂಬಿಕೊಂಡು, ಬಿಸಿಲೇರುವ ಮುಂಚೆ ಶೀತಲ ಕೇಂದ್ರಕ್ಕೆ ಮುಟ್ಟಿಸಬೇಕಿತ್ತು. ಹಳೆಯ ಡೀಸೆಲ್ ಗಾಡಿ. ಬೇಸಿಗೆಯಲ್ಲಿ ಕೀ ತಿರುಗಿಸಿದರೆ ಸಾಕು. ಧನುರ್ಮಾಸ ಬಂತೆಂದರೆ ಎದೆಯಲ್ಲಿ ಕಫ ಕಟ್ಟಿದವರ ಹಾಗೆ ಗೊರಗೊರ ಎಂದು ಸುಮ್ಮನಾಗುತ್ತಿತ್ತು.

ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನೇ ಓದಿ ಹೇಳಿದ್ದೆ. ಕೀ ಅರ್ಧ ತಿರುಗಿಸಿ ಹೀಟರಿನ ಹಳದಿ ದೀಪ ಆರುವವರೆಗೆ ಕಾಯಬೇಕು; ಒಂದೇ ಸಮನೆ ಸೆಲ್ಫ್ ಹೊಡೆಯದೆ ಬ್ಯಾಟರಿಗೆ ನಡುನಡುವೆ ಬಿಡುವು ಕೊಡಬೇಕು. ಯಜಮಾನರು ಹಾಗೇ ಮಾಡುತ್ತಿದ್ದರು. ರಾತ್ರಿ ಬಸಿದಿಟ್ಟ ರೇಡಿಯೇಟರಿಗೆ ನಾನು ಸ್ನಾನದ ಹಂಡೆಯಿಂದ ಬಿಸಿನೀರು ತಂದುಕೊಡುತ್ತಿದ್ದೆ. ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಕೊನೆಗೆ ಕೈಹಿಡಿಯುತ್ತಿದ್ದದ್ದು ಮನೆ ಮುಂದಿನ ಇಳಿಜಾರು. ರಸ್ತೆ ಪಡುವಣಕ್ಕೆ ಇಳಿಯುತ್ತದೆ. ಅತ್ತ ಮೂತಿ ಮಾಡಿ ನಿಲ್ಲಿಸಿದ್ದರೆ, ಬ್ರೇಕ್ ಬಿಟ್ಟು ಉರುಳಿಸಿ ಗೇರಿಗೆ ಹಾಕಿದಾಗ ಇಂಜಿನ್ ಹತ್ತಿಕೊಳ್ಳುತ್ತಿತ್ತು.

ಆ ಚಳಿಗಾಲದಲ್ಲಿ ಆಗಲೇ ಎರಡು ಸಲ ತಡವಾಗಿ ಹಾಲು ಒಡೆದಿತ್ತು. ಇನ್ನೊಮ್ಮೆ ಹೀಗಾದರೆ ಬೇರೆ ಗಾಡಿ ಗೊತ್ತುಮಾಡುತ್ತೇವೆಂದು ಡೈರಿಯ ಕಾರ್ಯದರ್ಶಿ ಮನೆಗೇ ಬಂದು, ಕಾಫಿ ಕುಡಿದು, ಮೆತ್ತಗೆ ಹೇಳಿಹೋಗಿದ್ದರು. ನಮಗಿದ್ದದ್ದು ಆ ಬಾಡಿಗೆಯೊಂದೇ.

ಅಮಾವಾಸ್ಯೆಯ ಸಂಜೆ ಗಾಡಿಪೂಜೆಗೆ ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಹಾಗೇ ನಿಂತುಬಿಟ್ಟರು.

"ಪಡುವಕ್ಕೆ ಮೊಕ ಮಾಡ್ಕಂಡಿರೋ ಗಾಡಿಗೆ ಎಂಗ್ಲಾ ಆರತಿ ಎತ್ಲಿ? ಅದ್ಕೇ ಇಂಗಾಡ್ತಾ ಅದೆ ಅದು. ಮೂಡ್ಲಾಗಿ ತಿರುಗ್ಸು."

ಯಜಮಾನರು ತಿರುಗಿಸಿದರು. ಪೂಜೆಯಾದ ಗಾಡಿ ಗಾಲಿಯಡಿಯ ನಿಂಬೆಹಣ್ಣು ತುಳಿದು ಮೊದಲು ಮುಂದಕ್ಕೇ ಹೋಗಬೇಕು, ಹಿಂದಕ್ಕೆ ಉರುಳಿದರೆ ಸಂಸಾರವೇ ಹಿಂದಕ್ಕೆ ಹೋಗುತ್ತದೆ ಎಂಬುದು ಅತ್ತೆಯ ನಂಬಿಕೆ. ಬೆಳಿಗ್ಗೆ ಹೊರಡುವಾಗಲೇ ತುಳಿಯಲಿ ಎಂದು ಗಾಡಿಯನ್ನು ಏರಿಗೆ ಮುಖ ಮಾಡಿದಂತೆಯೇ ಬಿಟ್ಟರು.

ಬೆಳಗಾಗುವಾಗ ಬೇಲಿ ಕಾಣದಷ್ಟು ಮಂಜು. ಗಾಜಿಗೆ ಇಟ್ಟಿದ್ದ ಕುಂಕುಮ ಇಬ್ಬನಿಯಲ್ಲಿ ಕರಗಿ ವೈಪರಿನವರೆಗೆ ಇಳಿದಿತ್ತು. ಹಳದಿ ದೀಪ ಹತ್ತಿತು, ಆರಿತು. ಸೆಲ್ಫ್ ಹೊಡೆದರೆ ಬರೀ ಕಟಕಟ. ಬಿಸಿನೀರು ಹುಯ್ದದ್ದೂ ಆಯಿತು. ಅಕ್ಕಪಕ್ಕದ ಗಂಡಸರು ಬಂದು ಏರಿನ ಕಡೆಗೆ ತಳ್ಳಿದರು; ಒಂದಿಂಚೂ ಜರುಗಲಿಲ್ಲ.

"ಅಣ್ಣೋ, ನಿನ್ ಗಾಡಿಗಿಂತ ನಮ್ಮೆಮ್ಮೆ ವಾಸಿ ಕಣಣ್ಣ, ಬಾಲ ತಿರುಚುದ್ರಾದ್ರೂ ಎದ್ದೇಳ್ತದೆ," ಎಂದ ಪಕ್ಕದ ಮನೆಯವ. ಆಮೇಲೆ ನಗು ಬಿಟ್ಟು, ರಿವರ್ಸ್ ಗೇರಿಗೆ ಹಾಕಿ ಹಿಂದಕ್ಕೆ ಉರುಳಿಸಿದರೆ ಹತ್ತಿಕೊಳ್ಳುತ್ತದೆ ಎಂದು ಹೇಳಿದ.

ಅಷ್ಟರಲ್ಲಿ ಅತ್ತೆ ಶಾಲು ಹೊದ್ದು ಗಾಡಿಯ ಹಿಂದೆ ಹೋಗಿ ನಿಂತಿದ್ದರು. ಜೋರು ಮಾಡಲಿಲ್ಲ.

"ಬ್ಯಾಡ ಕಣ್ಲಾ ಮಗ. ಪೂಜೆ ಮಾಡಿರೋದು."

ಯಜಮಾನರು ಕಿಟಕಿಯಿಂದ ನನ್ನತ್ತ ನೋಡಿದರು. "ಬ್ರೇಕ್ ಬಿಟ್ಬಿಡಿ, ಹೊತ್ತಾಯ್ತು," ಎಂದೆ. ಅತ್ತೆ ಕದಲಲಿಲ್ಲ. ಚಪ್ಪಲಿಯಿಲ್ಲದ ಅವರ ಕಾಲು ಒದ್ದೆ ಮಣ್ಣಿನಲ್ಲಿ ಹೂತಿತ್ತು. ಯಜಮಾನರು ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು.

ಕಬ್ಬು ಇಳಿಸಲು ಹೋಗಿದ್ದ ಪಕ್ಕದ ಮನೆಯ ಟ್ರಾಕ್ಟರು ಬರುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಅದರ ಬ್ಯಾಟರಿಯಿಂದ ವೈರು ಕೊಟ್ಟದ್ದೇ ತಡ, ಇಂಜಿನ್ ಒಂದೇ ಸಲಕ್ಕೆ ಹತ್ತಿತು. ನಿಂಬೆಹಣ್ಣು ತುಳಿದು ಗಾಡಿ ಮುಂದಕ್ಕೇ ಹೋಯಿತು. ಅತ್ತೆ ಕೈಮುಗಿದರು.

ಸ್ವಲ್ಪ ಹೊತ್ತಿಗೇ ಗಾಡಿ ವಾಪಸು ಬಂತು, ಖಾಲಿಯಾಗಿ. ಮೊದಲ ಡೈರಿಯ ಸಿಮೆಂಟು ಕಟ್ಟೆಯ ಮೇಲೆ ಕ್ಯಾನುಗಳಿದ್ದ ಒದ್ದೆ ಬಳೆಗುರುತು ಬಿಟ್ಟರೆ ಬೇರೇನೂ ಇರಲಿಲ್ಲವಂತೆ.

"ಬ್ಯಾರೆ ಗಾಡಿಯೋರು ತುಂಬ್ಕಂಡೋದ್ರಂತೆ. ನಾಳಿಂದ್ಲೂವೆ ಅವರೇಯಂತೆ," ಎಂದರು ಯಜಮಾನರು, ಸ್ಟೀರಿಂಗ್ ನೋಡುತ್ತಾ.

ಅತ್ತೆ ಒಳಗೆ ಹೋಗಿಬಿಟ್ಟರು. ನಾನು ಗಾಡಿಯ ಬಾಗಿಲ ಬಳಿ ಹೋದೆ. ಇಂಜಿನ್ ಓಡುತ್ತಲೇ ಇತ್ತು. ಗಾಜು, ಸೀಟು, ಯಜಮಾನರ ಮೊಣಕಾಲು ಎಲ್ಲ ಅದರ ಜೊತೆ ಅದುರುತ್ತಿದ್ದವು. ಆಫ್ ಮಾಡಿ, ತಿಂಡಿಗೆ ಬನ್ನಿ ಎಂದು ಕರೆದೆ.

"ಇರ್ಲಿ ಬುಡು," ಎಂದರು. "ಆಮ್ಯಾಕೆ ಹತ್ನಿಲ್ಲ ಅಂದ್ರೆ?"

ಹೋಗಲು ಯಾವ ಊರೂ ಇರಲಿಲ್ಲ. ಡೀಸೆಲ್ ಸುಡುತ್ತಿತ್ತು.